ಉಸ್ತಾದರ ಕೈ ಬಿದ್ದ ಬೋಲ್ಟ್

ಅಕ್ಕಾವರು ಗಾಡಿ ತಂದು ನಿಲ್ಲಿಸಿದ್ದು ನನಗೆ ಕೇಳಿಸಲೇ ಇಲ್ಲ. ಎಲೆಕ್ಟ್ರಿಕ್ ಕಾರಿಗೆ ಇಂಜಿನ್ನಿನ ಸದ್ದಿಲ್ಲವಲ್ಲ. ಟ್ರ್ಯಾಕ್ಟರಿನ ಅಡಿಯಿಂದ ಎದ್ದು ಬಂದು ನೋಡಿದರೆ ಗ್ಯಾರೇಜಿನ ಬಾಗಿಲಿಗೆ ಬಿಳಿ ಕಾರು ನಿಂತಿದೆ, ಅಕ್ಕಾವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎಡಗಡೆಯ ಮುಂದಿನ ಚಕ್ರವನ್ನು ಬಗ್ಗಿ ನೋಡುತ್ತಿದ್ದಾರೆ. ಅವರು ಮುದ್ದೇಬಿಹಾಳದ ಕಾಲೇಜಿನಲ್ಲಿ ಪಾಠ ಹೇಳುವವರು. ಮನೆ ಬಸವನ ಬಾಗೇವಾಡಿಯಲ್ಲಿ. ದಿನಾ ಅದೇ ಕಾರಿನಲ್ಲಿ ಬಂದು ಹೋಗುತ್ತಿದ್ದರು.

“ನಾಲತವಾಡಕ್ಕ ಒಂದ ಕೆಲಸಕ್ಕ ಹೋಗಿದ್ನಿ, ಅಲ್ಲಿ ಪೈಪ್ ಹಾಕಾಕ ರಸ್ತೆ ಅಡ್ಡ ಕಡದಾರ್ರಿ ಅಣ್ಣಾರ. ಮ್ಯಾಲ ಮಣ್ಣ ಮುಚ್ಚಿದ್ರು, ಕಾಣ್ಲಿಲ್ಲ. ದಡ್ ಅಂತ ಬಿತ್ತು. ಅವತ್ತಿಂದ ಎಡಕ್ಕ ಎಳಿಯಾಕತ್ತೈತಿ. ಸಣ್ಣ ಕಲ್ಲ ಹತ್ತಿದ್ರೂ ಟಕ್ ಅಂತೈತಿ” ಅಂದರು.

ಕಂಪನಿಯ ಸರ್ವಿಸ್ ಸೆಂಟರ್ ಇರುವುದು ವಿಜಯಪುರದಲ್ಲಿ. ಅಲ್ಲಿ ಪಾಳಿ ಹಚ್ಚಿ ಗಾಡಿ ಬಿಟ್ಟು ಬರಬೇಕು, ಅಷ್ಟು ದಿನ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಬೇಕು. ಅದಕ್ಕೇ ನನ್ನ ಹತ್ತಿರ ಬಂದಿದ್ದರು. ಎಲೆಕ್ಟ್ರಿಕ್ ಗಾಡಿಗಳ ಬಗ್ಗೆ ಎರಡು ದಿನದ ತರಬೇತಿ ಮುಗಿಸಿ ಬಂದು, ಅಲ್ಲಿ ಕೊಟ್ಟ ಸರ್ಟಿಫಿಕೇಟಿನ ಕಾಗದವನ್ನು ಗೋಡೆಗೆ ತೂಗುಹಾಕಿಕೊಂಡು ಕುಳಿತಿದ್ದವನು ನಾನು. ಇಂಥ ಗಾಡಿ ಬರಲಿ ಎಂದು ಒಳಗೊಳಗೇ ಕಾಯುತ್ತಿದ್ದೆ ಕೂಡ.

ಗಾಡಿ ಎತ್ತಿ ನೋಡಿದೆ. ಈ ಕಾರುಗಳ ಹೊಟ್ಟೆಯ ತುಂಬ ಬ್ಯಾಟರಿ ಪೆಟ್ಟಿಗೆ ಇರುತ್ತದೆ. ಹಳೆಯ ಜೀಪಿಗೆ ಕೊಟ್ಟಂತೆ ಎಲ್ಲಿ ಬೇಕೆಂದರಲ್ಲಿ ಜಾಕ್ ಕೊಟ್ಟರೆ ಪೆಟ್ಟಿಗೆ ನುಗ್ಗಾಗಿ ಲಕ್ಷಗಟ್ಟಲೆ ಲುಕ್ಸಾನು. ಅಂಚಿನಲ್ಲಿ ಗುರುತು ಮಾಡಿದ ಜಾಗಕ್ಕೇ ರಬ್ಬರಿನ ತುಂಡು ಇಟ್ಟು ಎತ್ತಬೇಕು. ಚಕ್ರ ಬಿಚ್ಚಿ ಕಬ್ಬಿಣದ ಹಾರೆ ಹಾಕಿ ಅಲುಗಾಡಿಸಿದಾಗ ತಿಳಿಯಿತು. ಚಕ್ರವನ್ನು ಗಾಡಿಯ ಅಡಿಗೆ ಹಿಡಿದಿಡುವ ಕಬ್ಬಿಣದ ತೋಳು, ನಾವು ಲೋವರ್ ಆರ್ಮ್ ಅನ್ನುವುದು, ಬಾಗಿತ್ತು. ಅದರ ಹಿಂದಿನ ರಬ್ಬರ್ ಬುಷ್ ಹರಿದು ಬಾಯಿ ಬಿಟ್ಟಿತ್ತು. ಬೆಂಕಿಯಲ್ಲಿ ಕಾಯಿಸಿ ನೆಟ್ಟಗೆ ಮಾಡುವ ವಸ್ತುವಲ್ಲ ಅದು. ಹೊಸದನ್ನು ತರಿಸಲು ವಿಜಯಪುರಕ್ಕೆ ಫೋನ್ ಮಾಡಿದೆ.

ಇಲ್ಲಿ ಉಸ್ತಾದರ ಬಗ್ಗೆ ಹೇಳಬೇಕು. ಉಸ್ತಾದರು ಹೊರ್ತಿಯವರು. ಮೊದಲು ಅಲ್ಲಿ ಬಾವಿಗಳ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದವರು, ಆಮೇಲೆ ಮುದ್ದೇಬಿಹಾಳಕ್ಕೆ ಬಂದು ಜೀಪು, ಟ್ರ್ಯಾಕ್ಟರು, ಲಾರಿ ಎಲ್ಲಕ್ಕೂ ಕೈ ಹಾಕಿದರು. ನನಗೆ ಪಾನಾ, ಅಂದರೆ ಸ್ಪ್ಯಾನರ್, ಹಿಡಿಯುವುದನ್ನು ಕಲಿಸಿದ್ದೇ ಅವರು. ಗ್ಯಾರೇಜು ಈಗ ನನ್ನದು, ಆದರೆ ಅವರು ಬಂದಾಗ ನಾನು ಸ್ಟೂಲಿನಿಂದ ಎದ್ದು ನಿಲ್ಲುತ್ತೇನೆ. ಎಪ್ಪತ್ತು ದಾಟಿತ್ತು. ಊರಿನಲ್ಲೇ ಇದ್ದ ಮಗಳ ಮನೆಯಲ್ಲಿ ಉಂಡು, ಒಂಬತ್ತಕ್ಕೆ ಗ್ಯಾರೇಜಿಗೆ ಬಂದು, ಸಂಜೆವರೆಗೆ ಕೂರುತ್ತಿದ್ದರು.

ಅವರ ಕಾಲದಿಂದ ನಮ್ಮಲ್ಲೊಂದು ರೂಢಿ. ಯಾವ ಕೆಲಸವೇ ಆಗಲಿ, ಬಿಚ್ಚುವುದು ಜೋಡಿಸುವುದು ಯಾರಾದರೂ ಮಾಡಲಿ, ಕೊನೆಯ ಬಿಗಿ ಉಸ್ತಾದರದು. ಅವರ ಕೈ ಬಿದ್ದ ಬೋಲ್ಟಿಗೆ ಮತ್ತೊಬ್ಬರು ಪಾನಾ ಹಾಕಬಾರದು. ಹಾಕಿದರೆ ಅವರನ್ನು ನಂಬಲಿಲ್ಲ ಎಂದ ಹಾಗೆ. ಮೊದಲ ವರ್ಷ ನಾನು ತಿಳಿಯದೆ ಹಾಕಿ ಬೆನ್ನಿಗೆ ಗುದ್ದು ತಿಂದಿದ್ದೆ. ಎಷ್ಟು ಬಿಗಿ ಬೇಕು ಅನ್ನುವುದು ಅವರ ಮಣಿಕಟ್ಟಿಗೆ ಗೊತ್ತಿತ್ತು. ಇಷ್ಟು ವರ್ಷದಲ್ಲಿ ಅವರು ಬಿಗಿದದ್ದು ಒಂದೂ ಸಡಿಲಾಗಿ ಬಂದದ್ದನ್ನು ನಾನು ಕಂಡಿರಲಿಲ್ಲ.

ಆದರೆ ಹಿಂದಿನ ವರ್ಷ ಅವರಿಗೆ ಲಕ್ವಾ ಹೊಡೆದಿತ್ತು. ಸಣ್ಣಗೇ ಹೊಡೆದದ್ದು. ಸೊಟ್ಟಗಾದ ಬಾಯಿ ಒಂದು ತಿಂಗಳಿಗೆ ನೆಟ್ಟಗಾಯಿತು, ನಡಿಗೆಯೂ ಬಂತು. ಬಲಗೈ ಮಾತ್ರ ಪೂರ್ತಿ ಬರಲಿಲ್ಲ. ಚಹಾದ ಬಸಿ ಹಿಡಿದರೆ ಅರ್ಧ ಚಹಾ ನೆಲಕ್ಕೆ. ನಾನು ನೋಡಿದರೆ ಅವರಿಗೆ ಸಿಟ್ಟು ಬರುತ್ತದೆಂದು ಆ ಹೊತ್ತಿಗೆ ಬೇರೆ ಕಡೆ ಮುಖ ತಿರುಗಿಸುತ್ತಿದ್ದೆ. ಕೊನೆಯ ಬಿಗಿಯನ್ನು ಮಾತ್ರ ಅವರು ಬಿಟ್ಟಿರಲಿಲ್ಲ. ಟ್ರ್ಯಾಕ್ಟರಿನ ಕೆಲಸದಲ್ಲಿ, ಅವರು ಮನೆಗೆ ಹೋದ ಮೇಲೆ ನಾನೇ ಕಳ್ಳನ ಹಾಗೆ ಇನ್ನೊಂದು ಸುತ್ತು ಬಿಗಿದು ಬಿಡುತ್ತಿದ್ದೆ. ಬಿಗಿಯುವಷ್ಟು ಜಾಗ ಪ್ರತಿ ಸಲವೂ ಇರುತ್ತಿತ್ತು. ಇದು ನನಗೆ ಗೊತ್ತಿದ್ದ ಸಂಗತಿ. ಗೊತ್ತಿರಲಿಲ್ಲ ಅಂತ ಈಗ ಹೇಳಲಾರೆ.

ಎಂಟನೆಯ ದಿನ ವಿಜಯಪುರದ ಬಸ್ಸಿನಲ್ಲಿ ಪಾರ್ಸಲ್ ಬಂತು. ಅಕ್ಕಾವರು ಕಾಲೇಜಿಗೆ ಹೋಗುವಾಗ ಗಾಡಿ ಬಿಟ್ಟು ಹೋದರು, ಬೆಳಿಗ್ಗೆಯೇ ಕೆಲಸ ಹಿಡಿದೆ. ಗಾಡಿಯ ಚಾವಿ ದೂರ ಇಟ್ಟು, ಸಣ್ಣ ಬ್ಯಾಟರಿಯ ವೈರು ಬಿಚ್ಚಿ, ಗಾಡಿ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಚಕ್ರ ಕೂರುವ ಗುಂಬವನ್ನು, ಅಂದರೆ ಹಬ್ಬನ್ನು, ತಂತಿಯಿಂದ ಮೇಲಕ್ಕೆ ಕಟ್ಟಿದೆ. ಅದು ತೂಗಾಡಿದರೆ ಡ್ರೈವ್ ಶಾಫ್ಟ್ ಕಿತ್ತು ಬರುತ್ತದೆ. ಆರ್ಮನ್ನು ಗುಂಬಕ್ಕೆ ಸೇರಿಸುವ ಬಾಲ್ ಜಾಯಿಂಟಿನ ಬೋಲ್ಟು ತುಕ್ಕು ತಿಂದು ಕಚ್ಚಿ ಕುಳಿತಿತ್ತು. ಎಣ್ಣೆ ಬಿಟ್ಟು ಒಂದು ತಾಸು ಕಾದೆ, ಸುತ್ತಿಗೆಯಿಂದ ಬಡಿದೆ, ಮತ್ತೆ ಎಣ್ಣೆ ಬಿಟ್ಟೆ. ಅದು ಬಂದ ಮೇಲೆ ಸಂದಿಗೆ ಉಳಿ ಕೊಟ್ಟು ಅಗಲಿಸಿ, ಆರ್ಮಿನ ಮೇಲೆ ಉದ್ದದ ಪೈಪಿಟ್ಟು ಮೈಭಾರ ಹಾಕಿದಾಗ ಜಾಯಿಂಟು ಕಳಚಿತು. ಆರ್ಮನ್ನು ಗಾಡಿಯ ಮೈಗೆ ಹಿಡಿದಿಡುವ ಎರಡು ಬೋಲ್ಟುಗಳಲ್ಲಿ ಹಿಂದಿನದು ಸುಲಭವಾಗಿ ಬಂತು. ಮುಂದಿನದು ಅರ್ಧ ಹೊರಗೆ ಬಂದು ಮೋಟಾರಿನ ಬ್ರಾಕೆಟ್ಟಿಗೆ ತಾಗಿ ನಿಂತಿತು. ಬ್ರಾಕೆಟ್ಟನ್ನು ಸಡಿಲಿಸಿ, ಮೋಟಾರನ್ನು ಕಟ್ಟಿಗೆಯ ತುಂಡಿನ ಮೇಲೆ ಎರಡು ಬೆರಳಿನಷ್ಟು ಎತ್ತಿ ಅದನ್ನು ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಊಟ ತಪ್ಪಿ ತಲೆ ಕೆಟ್ಟಿತ್ತು.

ಹೊಸ ಆರ್ಮ್ ಕೂರಿಸಿ, ಹೊಸ ಬೋಲ್ಟುಗಳನ್ನು ಕೈಯಿಂದಷ್ಟೇ ತಿರುಗಿಸಿ ಬಿಟ್ಟೆ. ಈ ಕೆಲಸದ ಗುಟ್ಟು ಇರುವುದು ಆಮೇಲೆ. ಚಕ್ರ ಗಾಳಿಯಲ್ಲಿ ಇಳಿಬಿದ್ದಿರುವಾಗ ಬಿಗಿದರೆ, ಗಾಡಿ ನೆಲಕ್ಕಿಳಿದ ಕೂಡಲೇ ಬುಷ್‌ನ ರಬ್ಬರ್ ತಿರುಚಿಕೊಂಡು ನಾಲ್ಕು ದಿನಕ್ಕೆ ಹರಿಯುತ್ತದೆ. ಆರ್ಮಿನ ಅಡಿಗೆ ಇನ್ನೊಂದು ಜಾಕ್ ಕೊಟ್ಟು, ಗಾಡಿಯ ತೂಕ ಅದರ ಮೇಲೆ ಬರುವ ಹಾಗೆ ಎತ್ತಿ, ಆಗ ಬಿಗಿಯಬೇಕು. ಅದನ್ನೆಲ್ಲ ಮಾಡಿ, ಟಾರ್ಕ್ ವ್ರೆಂಚಿನ ಡಬ್ಬಿ ತೆರೆದೆ. ಅದು ಬಿಗಿಯನ್ನು ಅಳೆದು ಹೇಳುವ ಪಾನಾ. ಬೇಕಾದಷ್ಟು ಅಂಕಿ ಹಿಡಿದಿಟ್ಟು ಎಳೆದರೆ, ಅಷ್ಟು ಬಿಗಿಯಾದಾಗ ಕಟಕ್ ಅನ್ನುತ್ತದೆ.

ಉಸ್ತಾದರು ಸ್ಟೂಲಿನಿಂದ ಎದ್ದು ಬಂದರು.

“ಬೋಲ್ಟ್ ತೂಗ್ತೀ ಏನ್ಲೇ? ಜ್ವಾಳಾ ಮಾರಾಕತ್ತೀಯೇನು?” ಅಂದರು. “ಇಡು ಅದನ್ನ. ತಾ ಇಲ್ಲಿ ಪಾನಾ.”

“ಉಸ್ತಾದ್ರ, ಇದಕ್ಕ ಕಂಪನಿಯವ್ರು ಲೆಕ್ಕಾ ಕೊಟ್ಟಾರ್ರಿ. ನೂರಾ ಮೂವತ್ತು ಬೇಕಂತ” ಅಂದೆ.

“ನನ್ನ ಕೈಗೆ ಕಂಪನಿಯವ್ರು ಲೆಕ್ಕಾ ಹೇಳ್ತಾರೇನು?”

ಪಾನಾ ಕೊಟ್ಟೆ. ಅವರು ಕುಕ್ಕರಗಾಲಲ್ಲಿ ಕುಳಿತು ಮೂರೂ ಬೋಲ್ಟು ಬಿಗಿದರು. ಮುಂದಿನ ಬೋಲ್ಟಿಗೆ ಕೈ ಸರಿಯಾಗಿ ಸಿಗುವುದಿಲ್ಲ, ಅಡ್ಡ ಮಲಗಿ ಎಳೆಯಬೇಕು. ಎಳೆದರು. ಕತ್ತಿನ ನರ ಉಬ್ಬಿತು, ಮುಖ ಕೆಂಪಾಯಿತು. ಪಾನಾ ಸ್ವಲ್ಪ ತಿರುಗಿ ನಿಂತಿತು. “ಆತು” ಅಂದರು. ಅದು ಆಗಿರಲಿಲ್ಲ ಎಂದು ನನಗೆ ಆ ಕ್ಷಣವೇ ಅನಿಸಿತು. ಅನಿಸಿದ್ದನ್ನು ನುಂಗಿಕೊಂಡೆ. ಬಿಗಿಯಾದ ನಟ್ಟಿನ ಮೇಲೆ ನಾವು ಬಣ್ಣದ ಗೆರೆ ಎಳೆಯುತ್ತೇವೆ, ಸಡಿಲಾದರೆ ಗೆರೆ ಒಡೆದು ತಿಳಿಯಲಿ ಎಂದು. ಮೂರಕ್ಕೂ ಹಳದಿ ಗೆರೆ ಎಳೆದೆ.

ಅವರು ಮನೆಗೆ ಹೋದ ಮೇಲೆ ನೋಡಿಕೊಂಡರಾಯಿತು ಅಂದುಕೊಂಡಿದ್ದೆ. ಆದರೆ ಅಕ್ಕಾವರು ನಾಲ್ಕಕ್ಕೇ ಬಂದರು, ಕಾಲೇಜು ಬೇಗ ಬಿಟ್ಟಿತ್ತಂತೆ. ಉಸ್ತಾದರು ಅಲ್ಲೇ ಕುಳಿತಿದ್ದರು. ಅವರ ಕಣ್ಣೆದುರು ಗಾಡಿಯ ಕೆಳಗೆ ಹೋಗಿ ಅವರ ಬೋಲ್ಟಿಗೆ ಪಾನಾ ಹಾಕುವ ಧೈರ್ಯ ನನಗಾಗಲಿಲ್ಲ. ಟೈರ್ ಅಂಗಡಿಗೆ ಒಯ್ದು ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದೆ. ಗಾಡಿ ನೆಟ್ಟಗೆ ಓಡಿತು, ಸದ್ದು ಹೋಗಿತ್ತು. “ಬಲಗಡೀದೂ ಮುಂದಿನ ತಿಂಗಳ ಬದಲಿಸೋಣ್ರಿ, ಅದರ ಬುಷೂ ಹರ್ಯಾಕತ್ತಾವ” ಎಂದು ಹೇಳಿ ಅವರ ಕೈಗೆ ಚಾವಿ ಕೊಟ್ಟೆ.

ಆರನೆಯ ದಿನ ಬೆಳಿಗ್ಗೆ ಅಕ್ಕಾವರ ಫೋನ್ ಬಂತು. ಬಾಗೇವಾಡಿಯ ಹತ್ತಿರ ಕುರಿ ಅಡ್ಡ ಬಂದವೆಂದು ಬ್ರೇಕ್ ಹಿಡಿದಿದ್ದಾರೆ, ಗಾಡಿ ತಾನಾಗಿ ಎಡಕ್ಕೆ ತಿರುಗಿ ರಸ್ತೆ ಬಿಟ್ಟಿಳಿದು ಕಲ್ಲಿಗೆ ಬಡಿದಿದೆ. ಅಕ್ಕಾವರ ಅತ್ತೆಯವರು ಮುಂದಿನ ಸೀಟಿನಲ್ಲಿದ್ದರು. ಅವರ ಬಲಗೈ ಮುರಿದಿತ್ತು.

ಇಂಥ ಗಾಡಿಯನ್ನು ಹಗ್ಗ ಕಟ್ಟಿ ಎಳೆಯುವಂತಿಲ್ಲ, ಮುಂದಿನ ಚಕ್ರ ತಿರುಗಿದರೆ ಮೋಟಾರಿಗೆ ಪೆಟ್ಟು. ಟೆಂಪೋ ಮಾಡಿಕೊಂಡು ಹೋದೆ. ದಾರಿಯುದ್ದಕ್ಕೂ ಬೇರೆ ಕಾರಣ ಇರಲಿ, ಬೇರೆ ಏನಾದರೂ ಇರಲಿ ಅನ್ನುತ್ತ ಹೋದೆ. ಗಾಡಿಯ ಅಡಿಗೆ ತಲೆ ಹಾಕಿ ಟಾರ್ಚು ಬಿಟ್ಟೆ. ಆರ್ಮು ಮತ್ತೆ ಬಾಗಿತ್ತು, ಅದು ಕಲ್ಲಿನ ಪೆಟ್ಟಿಗೆ. ಮುಂದಿನ ಬೋಲ್ಟಿನ ಮೇಲಿನ ಹಳದಿ ಗೆರೆ ಎರಡು ತುಂಡಾಗಿ ಒಂದು ಆ ಕಡೆ, ಒಂದು ಈ ಕಡೆ ನಿಂತಿತ್ತು. ನಟ್ಟು ಬೆರಳಿಗೇ ತಿರುಗಿತು. ಈ ಗಾಡಿಗಳಲ್ಲಿ ಕಾಲು ಎತ್ತಿದರೆ ಸಾಕು, ಮೋಟಾರೇ ಚಕ್ರವನ್ನು ಹಿಂದಕ್ಕೆ ಹಿಡಿಯುತ್ತದೆ, ಒತ್ತಿದರೆ ಮುಂದಕ್ಕೆ ದೂಡುತ್ತದೆ. ದಿನಕ್ಕೆ ನೂರು ಸಲ ಹಿಂದೆ ಮುಂದೆ ಎಳೆದಾಡಿ, ಅರೆಬಿಗಿಯ ಬೋಲ್ಟು ಆರು ದಿನಕ್ಕೆ ಬಿಟ್ಟುಕೊಂಡಿತ್ತು.

ಹೊರಗೆ ಬಂದೆ. ಅಕ್ಕಾವರು ನಿಂತಿದ್ದರು. ಅತ್ತೆಯವರನ್ನು ದವಾಖಾನೆಗೆ ಕಳಿಸಿ, ಗಾಡಿಗಾಗಿ ಉಳಿದಿದ್ದರು.

“ಏನಾಗೇತ್ರಿ ಅಣ್ಣಾರ?”

“ಬೋಲ್ಟ್ ಖರಾಬ್ ಬಂದಿತ್ರಿ ಅಕ್ಕಾವ್ರ. ಮಾಲೇ ಸರಿ ಇರ್ಲಿಲ್ಲ” ಅಂದೆ.

ಎಷ್ಟು ಸರಾಗವಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಉಸ್ತಾದರ ಮರ್ಯಾದೆ ಉಳಿಸಿದೆ ಎಂದು ಟೆಂಪೋದಲ್ಲಿ ಕುಳಿತು ನನಗೆ ನಾನೇ ಹೇಳಿಕೊಂಡೆ. ಗೋಡೆಯ ಮೇಲಿದ್ದ ಕಾಗದದ ಮಾನವೂ ಅದರ ಜೊತೆಗೇ ಉಳಿಯಿತು ಅನ್ನುವುದನ್ನು ಹೇಳಿಕೊಳ್ಳಲಿಲ್ಲ. ಗ್ಯಾರೇಜಿಗೆ ಬಂದು ಟೆಂಪೋದವನಿಗೂ ಅದೇ ಕತೆ ಹೇಳಿದೆ. ಉಸ್ತಾದರು ಸ್ಟೂಲಿನ ಮೇಲೆ ಕುಳಿತು ಕೇಳಿಸಿಕೊಂಡರು.

ಮತ್ತೊಂದು ಆರ್ಮ್ ತರಿಸುವ ದಿನಗಳಲ್ಲಿ ನನಗೆ ಊಟ ರುಚಿಸಲಿಲ್ಲ. ನಿಜ ಹೇಳಿಬಿಡಬೇಕು ಅನ್ನುತ್ತೇನೆ, ಉಸ್ತಾದರ ಮುಖ ನೋಡಿದರೆ ಬಾಯಿ ಕಟ್ಟುತ್ತದೆ. ಅವರಿಗೆ ಉಳಿದಿದ್ದದ್ದು ಅದೊಂದೇ. ಮಗಳ ಮನೆಯಲ್ಲಿ ಮೊಮ್ಮಕ್ಕಳ ನಡುವೆ ಮುದುಕನಾಗಿ ಕೂರುವವರು ಇಲ್ಲಿ ಬಂದು ಉಸ್ತಾದರಾಗುತ್ತಿದ್ದರು. ಆ ಕೊನೆಯ ಬಿಗಿ ಕಸಿದುಕೊಂಡರೆ ಅವರಿಗೆ ಗ್ಯಾರೇಜಿಗೆ ಬರಲು ಏನು ಕಾರಣ? ಇತ್ತ ಅಕ್ಕಾವರ ಅತ್ತೆಯ ಕೈಗೆ ಪ್ಲಾಸ್ಟರ್ ಬಿದ್ದಿತ್ತು. ಕೈಗೆ ಹೋದದ್ದು ತಲೆಗೆ ಹೋಗಿದ್ದರೆ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗೆ.

ಆರ್ಮ್ ಬಂತು. ಮತ್ತೆ ಅದೇ ಕೆಲಸ, ಅದೇ ಕ್ರಮ. ಈ ಸಲ ಬಿಚ್ಚಬೇಕಾದ ಬೋಲ್ಟುಗಳು ಹೊಸವು, ಬ್ರಾಕೆಟ್ಟಿನ ದಾರಿ ಗೊತ್ತು, ಹನ್ನೆರಡಕ್ಕೆ ಜೋಡಣೆ ಮುಗಿಯಿತು. ಆರ್ಮಿನ ಅಡಿಗೆ ಜಾಕ್ ಕೊಟ್ಟು ಭಾರ ಹಾಕಿದೆ. ಉಸ್ತಾದರು ಎಂದಿನಂತೆ ಬಂದು ಕೈ ಚಾಚಿದರು. ಕೊಟ್ಟೆ. ಬಿಗಿದರು. “ಆತು” ಅಂದರು.

ನಾನು ಡಬ್ಬಿಯಿಂದ ಟಾರ್ಕ್ ವ್ರೆಂಚ್ ತೆಗೆದೆ. ನೂರಾ ಮೂವತ್ತಕ್ಕೆ ಹಿಡಿದಿಟ್ಟು, ಅವರ ಎದುರಿಗೇ ಮಲಗಿ, ಅವರು ಆಗಷ್ಟೇ ಕೈ ತೆಗೆದ ಮುಂದಿನ ಬೋಲ್ಟಿಗೆ ಹಾಕಿದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ. ಎಳೆದೆ. ಬೋಲ್ಟು ತಿರುಗಿತು, ಇನ್ನೂ ತಿರುಗಿತು, ಹತ್ತಿರ ಹತ್ತಿರ ಅರ್ಧ ಸುತ್ತಾದ ಮೇಲೆ ಕಟಕ್ ಅಂದಿತು. ಆ ಅರ್ಧ ಸುತ್ತು ನನಗೆ ಮುಗಿಯದಷ್ಟು ಉದ್ದ ಅನಿಸಿತು. ಮಲಗಿದಲ್ಲಿಂದ ಅವರ ಪಾದಗಳಷ್ಟೇ ಕಾಣುತ್ತಿದ್ದವು. ಅವು ಅಲುಗಲಿಲ್ಲ.

“ಹಿಂದಿಂದು ಬಿಟ್ಟಿರು” ಅಂದರು. “ಅದನ್ನ ಇಲ್ಲಿ ಕೊಡು.”

ಕೆಳಗೆ ಬಂದು ಅವರೇ ಹಾಕಿದರು. ಬಲಗೈಯಿಂದ ಎಳೆದರು. ಸದ್ದಿಲ್ಲ. ಎರಡೂ ಕೈ ಹಾಕಿದರು. ಜಾಕಿಗೆ ಕಾಲು ಕೊಟ್ಟು, ಹಲ್ಲು ಕಚ್ಚಿ ಎಳೆದರು. ಬೋಲ್ಟು ಒಂದಿಷ್ಟು ಜರುಗಿ ನಿಂತುಬಿಟ್ಟಿತು. ಮೂರನೆಯ ಸಲ ಎಳೆಯುವಾಗ ಅವರ ಬಾಯಿಯಿಂದ ಒಂದು ಸಣ್ಣ ಸದ್ದು ಬಂತು. ಅದನ್ನು ಕೇಳಬಾರದಿತ್ತು ಅನಿಸಿತು ನನಗೆ.

“ಎಷ್ಟು ಅಂದಿ?”

“ನೂರಾ ಮೂವತ್ರಿ.”

“ಹೂಂ” ಅಂದರು. ವ್ರೆಂಚನ್ನು ಹೆಗಲ ಮೇಲಿನ ಟವೆಲಿನಿಂದ ಒರೆಸಿ ಡಬ್ಬಿಯಲ್ಲಿಟ್ಟರು. ಡೀಸೆಲ್ಲಿನಲ್ಲಿ ಕೈ ತೊಳೆದು, ಸೋಪಿನಲ್ಲಿ ತೊಳೆದು, ಚಪ್ಪಲಿ ಮೆಟ್ಟಿಕೊಂಡು ಹೊರಟರು. “ಚಾ ಹೇಳೇನ್ರಿ ಉಸ್ತಾದ್ರ” ಅಂದೆ. ತಿರುಗಲಿಲ್ಲ. ಉಳಿದ ಬೋಲ್ಟುಗಳನ್ನು ನಾನೇ ಬಿಗಿದು ಗೆರೆ ಎಳೆದೆ.

ಸಂಜೆ ಅಕ್ಕಾವರು ಗಾಡಿ ಒಯ್ಯಲು ಬಂದಾಗ “ಈ ಸಲ ಬೋಲ್ಟ್ ಬ್ಯಾರೆ ಹಾಕೀರಲ್ರಿ?” ಎಂದು ಕೇಳಿದರು. ಆಗಲಾದರೂ ಹೇಳಬಹುದಿತ್ತು. “ಹೂಂರಿ, ಛಲೋ ಮಾಲು ತರಿಸೇನಿ” ಅಂದೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಊರುಗೋಲು.

ಮರುದಿನ ಉಸ್ತಾದರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮಗಳ ಮನೆಗೆ ಹೋಗಿ ವಿಚಾರಿಸಿದರೆ, ಹೊರ್ತಿಗೆ ತಮ್ಮನ ಹತ್ತಿರ ಹೋಗಿದ್ದಾರೆ, ಯಾವಾಗ ಬರುತ್ತಾರೋ ಹೇಳಿಲ್ಲ ಅಂದಳು. ನಾಲ್ಕನೆಯ ದಿನ ಅಕ್ಕಾವರ ಫೋನ್ ಬಂತು.

“ನಿಮ್ಮ ಉಸ್ತಾದ್ರು ನಮ್ಮನಿಗೆ ಬಂದಿದ್ರು” ಅಂದರು. “ಬಸ್ಸಿನ್ಯಾಗ ಬಂದು, ಮನಿ ಕೇಳ್ಕೋತ ಹುಡುಕಿ ಬಂದ್ರು. ಬೋಲ್ಟ್ ಛಲೋನ ಇತ್ತಂತ. ಬಿಗಿದಾಂವ ನಾನು, ನನ್ನ ಕೈಯಾಗ ಶಕ್ತಿ ಉಳಿದಿಲ್ಲ, ಅದನ್ನ ನಾ ಒಪ್ಕೊಂಡಿರ್ಲಿಲ್ಲ, ಅಂದ್ರು. ನಮ್ಮ ಅತ್ತಿ ಕಾಲಿಗೆ ಬೀಳಾಕ ಹೋದ್ರು. ನಾವ ಹಿಡದ್ವಿ.”

ಅವರು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಬಲಗಡೀದೂ ಬದಲಿಸಬೇಕು ಅಂದಿದ್ರಿ ನೀವು” ಅಂದರು. “ಆ ಅಜ್ಜಾರು ಎದುರಿಗಿದ್ರ ಗಾಡಿ ತರ್ತೇನಿ. ಅವರು ಬಿಗಿಯೂದು ಬ್ಯಾಡ, ಕುಂತು ನೋಡಿದ್ರ ಸಾಕು. ಅವರಿಲ್ಲಂದ್ರ ವಿಜಯಪುರಕ್ಕ ಒಯ್ತೇನಿ.”

ಅದರ ಮುಂದಿನ ದಿನ ಬೈಕು ಹತ್ತಿ ಹೊರ್ತಿಗೆ ಹೋದೆ. ಉಸ್ತಾದರು ತಮ್ಮನ ಮನೆಯ ಕಟ್ಟೆಯ ಮೇಲೆ ಕುಳಿತು ಎಡಗೈಯಿಂದ ನಿಂಬೆಕಾಯಿ ಆರಿಸುತ್ತಿದ್ದರು, ಮಾಗಿದ್ದು ಒಂದು ಬುಟ್ಟಿಗೆ, ಹಸಿರು ಇನ್ನೊಂದಕ್ಕೆ. ಕೂರು ಅಂದರು, ನೀರು ಕೊಡಿಸಿದರು. ಅಕ್ಕಾವರು ಹೇಳಿದ್ದನ್ನು ಹೇಳಿ, ಬರ್ರಿ ಉಸ್ತಾದ್ರ ಅಂದೆ.

“ನೀ ಹೇಳಿದೇನು ಆಕಿಗೆ?” ಅಂದರು.

“ಏನ್ರಿ?”

“ನನ್ನ ಕೈ ಸೋತದ್ದು ನಿನಗ ಗೊತ್ತಿತ್ತು ಅನ್ನೂದು. ನಾ ಮನಿಗೆ ಹ್ವಾದ ಮ್ಯಾಲ ನೀ ಟ್ರ್ಯಾಕ್ಟರಿನ ಬೋಲ್ಟ್ ಬಿಗೀತಿದ್ದಿ. ನನಗ ತಿಳೀತಿರ್ಲಿಲ್ಲ ಅಂತ ಮಾಡೀಯೇನು? ಮರುದಿನ ನೋಡಿದ್ರ ನನ್ನ ಬೋಲ್ಟಿನ ಮ್ಯಾಲಿನ ಗೆರಿ ಒಡದಿರ್ತಿತ್ತು.”

ಹೊರಗೆ ಉರುಳಿದ್ದ ಒಂದು ನಿಂಬೆಕಾಯಿಯನ್ನು ಎತ್ತಿ ಬುಟ್ಟಿಗೆ ಹಾಕಿದೆ.

“ಹೇಳಿಲ್ರಿ” ಅಂದೆ.

“ನನ್ನ ಕೈಗೆ ವಯಸ್ಸಾಗಿತ್ತು. ನಿನ್ನ ಬಾಯಿಗೇನಾಗಿತ್ತು?” ಅಂದರು. ಸಿಟ್ಟಿನಿಂದ ಅನ್ನಲಿಲ್ಲ. ಕೇಳಿ, ಮತ್ತೆ ನಿಂಬೆಕಾಯಿ ಆರಿಸತೊಡಗಿದರು. ನಾನು ಎದ್ದೆ. ಬರುತ್ತೇನೆ ಅಂತಲೂ ಅವರು ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ.

ಮುದ್ದೇಬಿಹಾಳಕ್ಕೆ ಮರಳುವ ದಾರಿ ಬಸವನ ಬಾಗೇವಾಡಿಯ ಮೇಲೆಯೇ. ಅಕ್ಕಾವರ ಮನೆ ಕೇಳಿಕೊಂಡು ಹೋದೆ. ಅವರು ಇನ್ನೂ ಕಾಲೇಜಿನಿಂದ ಬಂದಿರಲಿಲ್ಲ. ಅತ್ತೆಯವರು ಬಾಗಿಲು ತೆಗೆದರು. ಬಲಗೈ ಪ್ಲಾಸ್ಟರಿನಲ್ಲಿ, ಕೊರಳಿಗೆ ಜೋಳಿಗೆಯಂತೆ ಕಟ್ಟಿತ್ತು. ನಾನು ಯಾರೆಂದು ಅವರಿಗೆ ತಿಳಿಯಲಿಲ್ಲ. ಸೊಸೆಯನ್ನು ಕಾಣಲು ಯಾರೋ ಬಿಸಿಲಲ್ಲಿ ಬಂದಿದ್ದಾರೆ ಅಂದುಕೊಂಡು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಚಾಚಿದರು.

“ಎಡಗೈಲೆ ಕೊಡಾಕತ್ತೇನಿ, ತಪ್ಪ ತಿಳೀಬ್ಯಾಡ ತಮ್ಮಾ” ಅಂದರು.

ಎರಡೂ ಕೈಯಲ್ಲಿ ತಂಬಿಗೆ ಇಸಿದುಕೊಂಡೆ. ಕುಡಿಯಲಾಗಲಿಲ್ಲ. ನಿಂತಲ್ಲೇ ಹೇಳಿದೆ, ಗಾಡಿ ರಿಪೇರಿ ಮಾಡಿದವನು ನಾನು, ಆ ಬೋಲ್ಟು ಸಡಿಲಿದೆ ಅಂತ ನನಗೆ ಅನಿಸಿತ್ತು, ಅನಿಸಿದರೂ ಚಾವಿ ಕೊಟ್ಟು ಕಳಿಸಿದೆ, ಆಮೇಲೆ ಸುಳ್ಳು ಹೇಳಿದೆ ಅಂತ. ಅವರು ಪೂರ್ತಿ ಕೇಳಿದರು. ಉಸ್ತಾದರು ಕಾಲಿಗೆ ಬೀಳಲು ಹೋದಾಗ ಈ ಮನೆಯವರು ಹಿಡಿದಿದ್ದರು, ನನಗೆ ಬಾಗಲೂ ಆಗಲಿಲ್ಲ, ಯಾರೂ ಹಿಡಿಯುವ ಪ್ರಸಂಗವೂ ಬರಲಿಲ್ಲ. ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡು ಅವರು ಒಳಗೆ ಹೋದರು. ಮತ್ತೆ ಬರುತ್ತಾರೆಂದು ಹೊಸ್ತಿಲ ಹೊರಗೆ ಬಹಳ ಹೊತ್ತು ನಿಂತಿದ್ದೆ. ಬರಲಿಲ್ಲ.